ಹೊಳೆಯ ಮೀನಿನ ಬೇನೆಯೂ ಬೇಸಗೆಯ ಮಡುವೂ

ಮಾಘಮಾಸದಲ್ಲಿ ಉಳವಿಯ ಚೆನ್ನಬಸವೇಶ್ವರರ ಜಾತ್ರೆ ಮುಗಿದು, ಧಾರವಾಡ ಬೆಳಗಾವಿ ಸೀಮೆಗಳಿಂದ ಬಂದ ಚಕ್ಕಡಿಗಳು ಕಾಡಿನ ಹಾದಿಯಲ್ಲಿ ಹಿಂತಿರುಗಿದ ಮೇಲೆ, ಜೋಯಿಡಾ ತಾಲೂಕಿನ ಹಳ್ಳಕೊಳ್ಳಗಳು ದಿನದಿನಕ್ಕೆ ಇಳಿಯತೊಡಗುವುವು. ಚೈತ್ರ ವೈಶಾಖಗಳ ಹೊತ್ತಿಗೆ ಹರಿಯುವ ನೀರು ಕಲ್ಲುಗಳ ಸಂದಿನಲ್ಲಿ ಎಳೆಯಷ್ಟಾಗಿ, ಮಳೆಗಾಲದಲ್ಲಿ ಹರದಾರಿಗಟ್ಟಲೆ ಹರಡಿಕೊಂಡಿದ್ದ ಮೀನೆಲ್ಲ ಅಲ್ಲಲ್ಲಿ ಉಳಿದ ಮಡುಗಳಿಗೆ ಬಂದು ಸೇರುವುದು. ಹೊಳೆಯ ಮೀನಿಗೆ ವರ್ಷದಲ್ಲಿ ಅತ್ಯಂತ ಕಷ್ಟದ ಕಾಲ ಇದೇ. ನೀರು ಕಡಮೆ, ಬಿಸಿಲು ಹೆಚ್ಚು, ಆಹಾರ ಅಲ್ಪ, ನೆರೆಯವರ ಸಂದಣಿಯೋ ಅಪಾರ. ಈ ಎರಡು ಮೂರು ತಿಂಗಳಲ್ಲಿ ಮಡುವಿನ ದಡದ ಒಡೆಯರು ಏನು ಮಾಡುವರು, ಏನನ್ನು ಮಾಡದೆ ಬಿಡುವರು ಎಂಬುದರ ಮೇಲೆ ಮೀನಿನ ರೋಗದ ಏರಿಳಿತವು ಬಹುಮಟ್ಟಿಗೆ ನಿಂತಿದೆ ಎಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಇನ್ನೂ ತಕ್ಕಷ್ಟು ಮನಗಂಡಂತೆ ಕಾಣುವುದಿಲ್ಲ.

ಹಸುವಿಗೆ ಕಾಲುಬಾಯಿ ಬೇನೆ ಬಂದರೆ ಅದರ ಒಡೆಯನು ಪಶುವೈದ್ಯರ ಬಳಿಗೆ ಓಡುವನು. ಅಡಕೆಗೆ ಕೊಳೆ ಬಿದ್ದರೆ ತೋಟದವನು ಬೋರ್ಡೋ ಮಿಶ್ರಣವನ್ನು ಕಲಸಿ ಗೊನೆಗಳಿಗೆ ಹೊಡೆಸುವನು. ಹೊಳೆಯ ಮೀನಿಗಾದರೋ ಒಡೆಯನಿಲ್ಲ. ಅದು ಹಿಡಿದವನ ಕೈಗೆ ಬರುವವರೆಗೆ ಯಾರದೂ ಅಲ್ಲ. ಆದುದರಿಂದ ಅದಕ್ಕೆ ಬಂದ ಬೇನೆಯೂ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಮಡುವಿನಲ್ಲಿ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲಿದರೆ ದನ ಕಾಯುವ ಹುಡುಗರು ನೋಡುವರು; ಎರಡು ದಿನಕ್ಕೆ ಹದ್ದು ಕಾಗೆಗಳು ಅದನ್ನು ಮುಗಿಸುವುವು; ಮೂರನೆಯ ದಿನ ಸುದ್ದಿಯೂ ಮುಗಿಯುವುದು. ಇದು ಮೀನುಗಾರಿಕೆ ಇಲಾಖೆಯವರ ಕೆಲಸ, ಬೇಸಾಯಗಾರರಿಗೆ ಇದರಿಂದೇನು ಎಂದು ಕೇಳುವವರೂ ಉಂಟು. ಹೊಳೆಯ ದಡದ ಮಾಲ್ಕಿ ಜಮೀನು ಯಾರದು, ಮಡುವಿಗೆ ಇಳಿಬಿಟ್ಟ ಪಂಪು ಯಾರದು, ದಡದ ಮರ ಕಡಿಸಿದವರು ಯಾರು, ಕೆರೆಯ ಕೋಡಿಯನ್ನು ನೋಡಿಕೊಳ್ಳುವವರು ಯಾರು ಎಂದು ಒಂದೊಂದಾಗಿ ಕೇಳುತ್ತ ಹೋದರೆ ಆ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುವುದು.

ಈ ಮೀನಿನಿಂದ ಹೊಟ್ಟೆ ಹೊರೆಯುವವರು ದೊಡ್ಡ ಹಿಡುವಳಿದಾರರಲ್ಲ. ಜೋಯಿಡಾ, ಹಳಿಯಾಳ, ಮುಂಡಗೋಡ ಸೀಮೆಗಳ ಕುಣಬಿ, ಸಿದ್ದಿ ಮುಂತಾದ ಬಡ ಕುಟುಂಬಗಳಿಗೆ ಹಳ್ಳದ ಮೀನು, ಏಡಿಗಳು ಕೊಂಡು ತರಬೇಕಾಗಿಲ್ಲದ ಸಾರಿನ ಪದಾರ್ಥ. ಗಾಳ, ಬಿದಿರಿನ ಕೂಳಿ, ಸಣ್ಣ ಬಲೆ ಇವುಗಳಿಂದ ಅರಣ್ಯದ ನಿಯಮಗಳಿಗೆ ಒಳಪಟ್ಟು ಅವರು ತರುವ ಹಿಡಿಮೀನಿಗೆ ಪೇಟೆಯಲ್ಲಿ ಬೆಲೆ ಕಟ್ಟಿದರೆ ಹೆಚ್ಚೇನೂ ಆಗಲಾರದು. ಆದರೆ ಕೂಲಿಯಿಲ್ಲದ ಬೇಸಗೆಯ ದಿನಗಳಲ್ಲಿ ಮಕ್ಕಳ ತಟ್ಟೆಗೆ ಬೀಳುವ ಪೌಷ್ಟಿಕಾಂಶವು ಅದೊಂದೇ ಆಗಿರುವ ಮನೆಗಳು ಈ ಕಾಡಿನೊಳಗೆ ಇವೆ. ಹೊಳೆಯ ಮೀನು ಕುಗ್ಗಿದರೆ ಮೊದಲು ಬರಿದಾಗುವುದು ಗದ್ದೆಯಿರುವವನ ಒಲೆಯಲ್ಲ, ಆ ಗದ್ದೆಯಲ್ಲಿ ನಾಟಿ ಮಾಡುವವಳ ಒಲೆ.

ಪರೋಪಜೀವಿ ಎಂದರೆ ಇನ್ನೊಂದು ಪ್ರಾಣಿಯ ಮೈಯಲ್ಲಿ ಮನೆ ಮಾಡಿಕೊಂಡು ಅದರ ಖರ್ಚಿನಲ್ಲಿ ಬದುಕುವ ಜೀವಿ. ಮೀನಿಗೆ ಇಂಥ ಬಾಡಿಗೆ ಕೊಡದ ಬಾಡಿಗೆದಾರರು ಅನೇಕ. ಆರ್ಗ್ಯುಲಸ್ ಎಂಬ ಮೀನುಹೇನು ಚಪ್ಪಟೆಯಾಗಿ, ಅರೆಪಾರದರ್ಶಕವಾಗಿ, ಕಣ್ಣಿಟ್ಟು ನೋಡಿದರೆ ಕಾಣುವಷ್ಟು ದೊಡ್ಡದಾಗಿರುವುದು. ಮೀನಿನ ಚರ್ಮಕ್ಕೆ ಚುಚ್ಚಿ ರಸ ಹೀರಿ, ಮೊಟ್ಟೆಯಿಡುವ ಕಾಲ ಬಂದಾಗ ಮೀನನ್ನು ಬಿಟ್ಟು ಕಲ್ಲು, ಗೂಟ, ನೀರಗಿಡಗಳ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುವುದು. ಲರ್ನಿಯಾ ಎಂಬ ಲಂಗರುಹುಳುವಿನ ಹೆಣ್ಣು ತನ್ನ ತಲೆಯನ್ನು ಮೀನಿನ ಮಾಂಸದೊಳಗೆ ಲಂಗರಿನಂತೆ ನಾಟಿ, ಬಾಲದ ತುದಿಯಲ್ಲಿ ಎರಡು ಮೊಟ್ಟೆಚೀಲಗಳನ್ನು ತೂಗುಬಿಟ್ಟುಕೊಂಡು ನೇತಾಡುವುದು. ಬಿಳಿಚುಕ್ಕೆ ರೋಗವನ್ನು ಉಂಟುಮಾಡುವ ಏಕಕಣ ಜೀವಿಯು ರವೆಯ ಕಾಳು ಚೆಲ್ಲಿದಂತೆ ಮೈಮೇಲೆಲ್ಲ ಕಾಣಿಸಿಕೊಳ್ಳುವುದು. ಇವಲ್ಲದೆ ಕಿವಿರುಗಳಲ್ಲಿ ಕೊಕ್ಕೆ ಹಾಕಿಕೊಂಡಿರುವ ಸೂಕ್ಷ್ಮ ಹುಳುಗಳೂ, ಕರುಳಿನ ಲಾಡಿಹುಳುಗಳೂ, ಬಸವನಹುಳುವಿನಿಂದ ಮೀನಿಗೂ ಮೀನಿನಿಂದ ನೀರುಕಾಗೆಗೂ ಸಂಚರಿಸುವ ಚಪ್ಪಟೆಹುಳುಗಳೂ ಉಂಟು.

ಇವುಗಳ ಹೆಸರು ಕೇಳಿ ಗಾಬರಿಯಾಗತಕ್ಕದ್ದಿಲ್ಲ. ಕಾಡಿನ ಯಾವ ಪ್ರಾಣಿಯೂ ಹುಳುವಿಲ್ಲದೆ ಇಲ್ಲ. ಆರೋಗ್ಯವಾದ ಹೊಳೆಯ ಮೀನೂ ಒಂದಿಷ್ಟು ಹುಳುಗಳನ್ನು ಹೊತ್ತುಕೊಂಡೇ ತಿರುಗುವುದು. ಹಿಂದಿನಿಂದಲೂ ಇದ್ದದ್ದೇ ಎಂದು ಹಿರಿಯರು ಹೇಳುವ ಮಾತು ಅಷ್ಟರಮಟ್ಟಿಗೆ ಸರಿಯೇ. ತೊಂದರೆಯು ಹುಳು ಇರುವುದರಲ್ಲಿಲ್ಲ, ಅದರ ಎಣಿಕೆಯಲ್ಲಿದೆ. ನಾಲ್ಕು ಹೇನು ಹಿಡಿದ ಮೀನು ಬದುಕುವುದು. ನಾನೂರು ಹಿಡಿದದ್ದು ಬದುಕದು. ನಾಲ್ಕು ನಾನೂರಾಗುವುದು ಯಾವಾಗ ಎಂಬುದೇ ವಿಚಾರಿಸತಕ್ಕ ಸಂಗತಿ.

ಇದಕ್ಕೆ ಶಾಖವು ಒಂದು ಮುಖ್ಯ ಕಾರಣ. ಮೀನಿಗೆ ನಮ್ಮ ದನಕರುಗಳಂತೆ ಸ್ವಂತದ ಮೈಬಿಸಿಯಿಲ್ಲ. ನೀರು ಕಾದಷ್ಟೇ ಅದರ ಮೈಯೂ ಕಾಯುವುದು, ಅದರ ಮೈಮೇಲಿನ ಹುಳುವೂ ಕಾಯುವುದು. ಬಿಳಿಚುಕ್ಕೆಯ ಜೀವಿಯು 7 ಡಿಗ್ರಿ ಸೆಂಟಿಗ್ರೇಡಿನ ತಣ್ಣೀರಿನಲ್ಲಿ ಒಂದು ಸುತ್ತು ಬೆಳೆದು ಮರಿಯಿಡಲು ಐದು ವಾರಗಳಿಗೂ ಹೆಚ್ಚು ಕಾಲ ತೆಗೆದುಕೊಳ್ಳುವುದು. 25 ಡಿಗ್ರಿಯ ನೀರಿನಲ್ಲಿ ಅದೇ ಕೆಲಸವನ್ನು ಸುಮಾರು ನಾಲ್ಕು ದಿನಗಳಲ್ಲಿ ಮುಗಿಸುವುದು. ಬಡ್ಡಿಯ ಲೆಕ್ಕ ಬಲ್ಲ ಭೂಮಾಲೀಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಅಸಲಿಗೆ ಸೇರುವ ಬಡ್ಡಿಗೂ ವಾರಕ್ಕೊಮ್ಮೆ ಸೇರುವ ಬಡ್ಡಿಗೂ ಎಷ್ಟು ಅಂತರವೋ ಅಷ್ಟೇ ಅಂತರ ಇಲ್ಲಿಯೂ ಇದೆ. ಲಂಗರುಹುಳುವೂ ಮೀನುಹೇನೂ ಬೆಚ್ಚಗಿನ ನೀರಿನಲ್ಲಿಯೇ ಬೇಗ ಬೇಗ ಪೀಳಿಗೆ ಬೆಳೆಸುವುವು. ಬಸವನಹುಳುವಿನ ಮೈಯಿಂದ ಹೊರಬೀಳುವ ಚಪ್ಪಟೆಹುಳುವಿನ ಮರಿಗಳ ಸಂಖ್ಯೆಯೂ ಒಂದು ಮಿತಿಯವರೆಗೆ ಶಾಖದೊಂದಿಗೆ ಏರುವುದು.

ಅತ್ತ ಮೀನಿನ ಸ್ಥಿತಿ ಇದಕ್ಕೆ ವಿಪರೀತ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಪ್ರಾಣವಾಯು ಕಡಮೆಯಾಗುವುದು: 20 ಡಿಗ್ರಿಯ ಒಂದು ಲೀಟರು ನೀರು 9 ಮಿಲಿಗ್ರಾಮಿನಷ್ಟು ಪ್ರಾಣವಾಯುವನ್ನು ಹಿಡಿದಿಡಬಲ್ಲುದು, 30 ಡಿಗ್ರಿಯಲ್ಲಿ ಏಳೂವರೆಗಿಂತ ಹೆಚ್ಚು ಹಿಡಿಯಲಾರದು. ಆದರೆ ಕಾದ ಮೈಯ ಮೀನಿಗೆ ಬೇಕಾಗುವ ಪ್ರಾಣವಾಯು ಹೆಚ್ಚು. ಆದಾಯ ಇಳಿದು ಖರ್ಚು ಏರಿದ ಸಂಸಾರದಂತೆ ಮೀನು ಬಡವಾಗುವುದು. ರೋಗವನ್ನು ತಡೆಯುವ ಶಕ್ತಿಯು ಆಗ ಉಡುಗುವುದು. ಸಂದಣಿಯ ಮಡುವಿನಲ್ಲಿ ಒಂದರ ಮೈಯಿಂದ ಬಿಟ್ಟ ಹುಳು ಇನ್ನೊಂದರ ಮೈಯನ್ನು ಸೇರಲು ಅರ್ಧ ಮಾರು ಈಜಿದರೆ ಸಾಕು.

ಭಾರತದೇಶದ ಸರಾಸರಿ ಉಷ್ಣತೆಯು 1901ರಿಂದ 2018ರವರೆಗಿನ ಕಾಲದಲ್ಲಿ ಸುಮಾರು 0.7 ಡಿಗ್ರಿಯಷ್ಟು ಏರಿದೆಯೆಂದು ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಿಳಿಸಿದೆ. ಮುಕ್ಕಾಲು ಡಿಗ್ರಿಯೂ ಇಲ್ಲ, ಇದರಿಂದೇನಾದೀತು ಎನ್ನುವವರು ಸರಾಸರಿ ಎಂಬ ಮಾತನ್ನು ಗಮನಿಸಬೇಕು. ಮೀನು ಸಾಯುವುದು ಸರಾಸರಿಯ ದಿನದಲ್ಲಲ್ಲ. ಮಳೆ ತಡವಾದ ವರ್ಷದ ಮೇ ತಿಂಗಳಲ್ಲಿ, ಮೊಳಕಾಲುದ್ದದ ನೀರಿನಲ್ಲಿ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ.

ಹಾಗೆಂದು ಮೀನಿನ ಎಲ್ಲ ಬೇನೆಯನ್ನೂ ಸೆಕೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಈಚೆಗೆ ಇದೊಂದು ಅಭ್ಯಾಸವಾಗಿಬಿಟ್ಟಿದೆ. ಬಿಳಿಚುಕ್ಕೆಯ ಜೀವಿಯೇ 30 ಡಿಗ್ರಿಯ ಸುಮಾರಿಗೆ ಬಂದಾಗ ತಾನೂ ಸೋಲುವುದು. ಹೊಳೆಮೀನನ್ನು ಕೊಲ್ಲುವ ರೋಗಗಳಲ್ಲಿ ಈ ದೇಶಕ್ಕೆ ಅತ್ಯಂತ ಹೆಚ್ಚು ಹಾನಿ ಮಾಡಿದ ಹುಣ್ಣುರೋಗವಂತೂ ಚಳಿಯ ಕಾಲದ್ದು. ಅದು 1988ರಲ್ಲಿ ಬಾಂಗ್ಲಾದೇಶದ ಕಡೆಯಿಂದ ಈಶಾನ್ಯ ಭಾರತವನ್ನು ಪ್ರವೇಶಿಸಿ, ನದಿ, ಕೆರೆ, ಗದ್ದೆನೀರು ಎನ್ನದೆ ಹಬ್ಬಿ, ಕೆಲವೇ ವರ್ಷಗಳಲ್ಲಿ ತೆಂಕಣ ಸೀಮೆಗಳಿಗೂ ಬಂದಿತು. ಕರ್ನಾಟಕದ ಸಿಹಿನೀರು ಹಾಗೂ ಚೌಳುನೀರಿನ ಮೀನುಗಳಲ್ಲಿ ಅದು ಹರಡಿದ ಬಗೆಯನ್ನು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿದ್ವಾಂಸರು ಪರಿಶೀಲಿಸಿ 1994ರಲ್ಲಿ ಪ್ರಕಟಿಸಿದರು. ಮೈಮೇಲೆ ಕೆಂಪುಕಲೆ ಎದ್ದು, ಅದು ಆಳವಾದ ಹುಣ್ಣಾಗಿ, ಕೆಲವೊಮ್ಮೆ ಎಲುಬು ಕಾಣುವಷ್ಟು ಮಾಂಸ ಕೊಳೆತುಹೋಗುವುದು. ಕೊರವ, ಪರಿಗೆ ಜಾತಿಯ ಮೀನುಗಳಿಗೆ ಇದು ಮೃತ್ಯುಪ್ರಾಯ. ಸಾಮಾನ್ಯ ಗೆಂಡೆಗೂ ತಿಲಾಪಿಯಾಕ್ಕೂ ಇದರ ಬಾಧೆ ಅಷ್ಟಾಗಿ ತಟ್ಟುವುದಿಲ್ಲ. ಹೊರಗಿನಿಂದ ತಂದ ಜಾತಿಗಳು ಬದುಕಿ, ಹೊಳೆಯಲ್ಲಿ ಹುಟ್ಟಿದ ಜಾತಿಗಳು ಸಾಯುವುದೆಂದರೆ ಅದರ ಪರಿಣಾಮವೇನೆಂಬುದನ್ನು ಯಾರಾದರೂ ಊಹಿಸಬಹುದು.

ಈ ಹುಣ್ಣುರೋಗಕ್ಕೆ ಕಾರಣವಾದ ಅಫನೋಮೈಸಿಸ್ ಎಂಬುದು ನೀರಬೂಷ್ಟಿನ ಬಳಗದ ಪರೋಪಜೀವಿ. ಅಡಕೆಯ ಕೊಳೆರೋಗವನ್ನು ಉಂಟುಮಾಡುವ ಫೈಟಾಫ್ತೊರವೂ ಅದೇ ಬಳಗದ್ದು. ಆ ಕೊಳೆಯ ವಿಷಯವಾಗಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿಯೇ ಗ್ರಂಥವನ್ನು ಪ್ರಕಟಿಸಿದ್ದರು. ಎರಡರ ಬೀಜಕಣಗಳೂ ನೀರಿನಲ್ಲಿ ಈಜಬಲ್ಲುವು. ಎರಡಕ್ಕೂ ತಂಪು, ತೇವ, ಎಡೆಬಿಡದ ಮಳೆ ಇವೇ ಹಬ್ಬ. ತೋಟದಲ್ಲಿ ಕೊಳೆಯನ್ನು ಕಂಡು ಬಲ್ಲ ಒಕ್ಕಲಿಗನಿಗೆ ಮೀನಿನ ಹುಣ್ಣನ್ನು ತಿಳಿಯುವುದು ಕಷ್ಟವಲ್ಲ. ನೀರು 18ರಿಂದ 22 ಡಿಗ್ರಿಯಲ್ಲಿರುವಾಗ, ಅಂದರೆ ಮಳೆ ನಿಂತು ಚಳಿ ಬೀಳುವ ತಿಂಗಳುಗಳಲ್ಲಿ, ಅದರ ಹಾವಳಿ ಹೆಚ್ಚು. ಆದುದರಿಂದ ಮಾರ್ಗಶಿರದಿಂದ ಮಾಘದವರೆಗೆ ಹುಣ್ಣಿನ ಕಾಲ, ಫಾಲ್ಗುಣದಿಂದ ಮಳೆ ಬೀಳುವವರೆಗೆ ಹೇನು ಹುಳುಗಳ ಕಾಲ ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಸೆಕೆಯಲ್ಲಿ ಬಡವಾಗಿ, ಹುಳುವಿನ ಚುಚ್ಚುಗಾಯಗಳನ್ನು ಹೊತ್ತು ಉಳಿದ ಮೀನು ಮುಂದಿನ ಚಳಿಗಾಲದ ಹುಣ್ಣಿಗೆ ಸುಲಭವಾದ ತುತ್ತಾಗುವುದು ಎಂಬುದೂ ಮರೆಯತಕ್ಕ ಸಂಗತಿಯಲ್ಲ. ಗಾಯಗೊಂಡ ಚರ್ಮವೇ ನೀರಬೂಷ್ಟಿಗೆ ಬಾಗಿಲು.

ಬಿಸಿನೀರು, ಕಡಮೆ ನೀರು, ಪರೋಪಜೀವಿ ಈ ಮೂರೂ ಒಂದೇ ಕಡೆ ಕೂಡಿದರೆ ಏನಾಗುವುದೆಂಬುದಕ್ಕೆ ದೂರದೇಶದ ಒಂದು ನಿದರ್ಶನವಿದೆ. ಅಮೆರಿಕದ ಮೊಂಟಾನಾ ಪ್ರಾಂತದಲ್ಲಿ ಯೆಲ್ಲೋಸ್ಟೋನ್ ಎಂಬ ನದಿ ಹರಿಯುತ್ತದೆ. 2016ರ ಆಗಸ್ಟ್ ತಿಂಗಳಿನಲ್ಲಿ ಆ ನದಿಯ ವೈಟ್‌ಫಿಶ್ ಎಂಬ ಜಾತಿಯ ಮೀನುಗಳು ಸಾವಿರಗಟ್ಟಲೆಯಾಗಿ ಸತ್ತು ತೇಲಿದುವು. ಮೂತ್ರಪಿಂಡವನ್ನು ಊದಿಸುವ ಒಂದು ಸೂಕ್ಷ್ಮ ಪರೋಪಜೀವಿಯು ಅದಕ್ಕೆ ಕಾರಣವೆಂದು ತಿಳಿದುಬಂದಿತು. ಆ ಬೇಸಗೆಯಲ್ಲಿ ನದಿಯಲ್ಲಿ ನೀರು ಇಳಿದಿತ್ತು, ಇದ್ದ ನೀರು ಕಾದಿತ್ತು. ಅಲ್ಲಿನ ಸರ್ಕಾರದವರು 183 ಮೈಲಿಗಳಷ್ಟು ಉದ್ದದ ನದಿಯನ್ನು ಮೀನು ಹಿಡಿಯುವವರಿಗೂ ದೋಣಿ ನಡೆಸುವವರಿಗೂ ಮುಚ್ಚಿಬಿಟ್ಟರು. ಒಬ್ಬರ ಬಲೆ, ದೋಣಿ, ಬೂಟುಗಳ ಮೂಲಕ ರೋಗವು ಇನ್ನೊಂದು ಹೊಳೆಗೆ ಹೋಗಬಾರದೆಂಬುದು ಅದರ ಉದ್ದೇಶ. ಸ್ವಿಟ್ಜರ್‌ಲೆಂಡಿನ ಹೊಳೆಗಳ ಟ್ರೌಟ್ ಮೀನಿಗೂ ಇದೇ ಬೇನೆಯುಂಟು. ನೀರು 15 ಡಿಗ್ರಿಯನ್ನು ದಾಟಿ ವಾರಗಟ್ಟಲೆ ನಿಂತರೆ ಅಲ್ಲಿ ಸಾವು ಹೆಚ್ಚುವುದು. ಹದಿನೈದು ಡಿಗ್ರಿಯೆಂದರೆ ಕಾಳಿಯ ಮೀನಿಗೆ ಚಳಿ ಹಿಡಿದೀತು. ಆದುದರಿಂದ ಅವರ ಅಂಕಿಗಳನ್ನು ಇಲ್ಲಿಗೆ ತಂದು ಅಂಟಿಸುವುದು ತಪ್ಪು. ಅವರು ತಮ್ಮ ಹೊಳೆಯ ನೀರನ್ನು ಅಳೆದು ಬರೆದಿಟ್ಟಿದ್ದರು, ಸತ್ತ ಮೀನನ್ನು ಒಡನೆ ಪರೀಕ್ಷೆಗೆ ಕಳುಹಿಸಿದರು ಎಂಬುದನ್ನು ಮಾತ್ರ ಇಲ್ಲಿ ಅನುಸರಿಸಬಹುದು.

ಈಗ ಕಾಳಿಯ ಮಾತು. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಸಮುದ್ರವನ್ನು ಸೇರುವ ಈ ನದಿಯನ್ನು ಈಗ ಒಂದೇ ಹೊಳೆಯೆಂದು ಎಣಿಸುವುದಕ್ಕಾಗದು. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪೇಟೆಯೇ ಮುಳುಗಿದೆ. ಅದರ ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಜಲಾಶಯಗಳು ಒಂದರ ಹಿಂದೊಂದಾಗಿ ನಿಂತಿವೆ. ಮುಖ್ಯ ನದಿಯಲ್ಲಿ ನೀರಿನ ಏರಿಳಿತವು ಋತುವಿಗಿಂತ ಹೆಚ್ಚಾಗಿ ವಿದ್ಯುತ್ ಕೇಂದ್ರಗಳ ಗಂಟೆಯನ್ನು ಅನುಸರಿಸುತ್ತದೆ. ಆಳವಾದ ಜಲಾಶಯದ ಅಡಿಯ ನೀರು ತಂಪು, ಮೇಲಿನ ನೀರು ಬೆಚ್ಚಗೆ. ಕೈಗಾ ಅಣುವಿದ್ಯುತ್ ಕೇಂದ್ರವು ತನ್ನ ಯಂತ್ರಗಳನ್ನು ತಣಿಸಲು ಕದ್ರಾ ಜಲಾಶಯದ ನೀರನ್ನು ತೆಗೆದುಕೊಂಡು ಬೆಚ್ಚಗೆ ಮಾಡಿ ಹಿಂದಕ್ಕೆ ಬಿಡುವುದು. ದಾಂಡೇಲಿಯ ಕೆಳಗೆ ಪಟ್ಟಣದ ಹಾಗೂ ಕಾರ್ಖಾನೆಗಳ ಕೊಚ್ಚೆನೀರಿನ ಪ್ರಶ್ನೆಯು ಬೇರೆಯೇ ಒಂದು ಲೇಖನವನ್ನು ಬೇಡುವಂಥದು. ಇವುಗಳ ಯಾವುದರ ಮೇಲೆಯೂ ಗ್ರಾಮದ ಮುಖಂಡರ ಕೈ ನಡೆಯುವಂತಿಲ್ಲ.

ಕೈ ನಡೆಯುವುದು ಉಪನದಿಗಳಲ್ಲಿ. ಕಾನೇರಿ, ಪಾಂಡ್ರಿ, ತಟ್ಟಿಹಳ್ಳ ಮೊದಲಾದುವುಗಳ ಮೇಲ್ಭಾಗಗಳೂ, ಹೆಸರು ಊರಿನಿಂದ ಊರಿಗೆ ಬದಲಾಗುವ ನೂರಾರು ತೊರೆಗಳೂ ಮಳೆಯನ್ನೂ ಕಾಡನ್ನೂ ನೆಚ್ಚಿಕೊಂಡು ಹರಿಯುವುವು. ಮೊದಲ ಮಳೆಗೆ ಮೀನು ಏರುವುದೂ, ಮೊಟ್ಟೆಯಿಡುವುದೂ, ಮರಿ ಬೆಳೆಯುವುದೂ ಬಹುಮಟ್ಟಿಗೆ ಇಂಥ ನೀರಿನಲ್ಲಿಯೇ. ಬೇಸಗೆಯಲ್ಲಿ ಉಳಿಯುವ ಮಡುಗಳು ಈ ತೊರೆಗಳ ಬಿತ್ತನೆಯ ಕಣಜ. ಕಣಜದಲ್ಲಿ ಹುಳು ಬಿದ್ದರೆ ಮುಂದಿನ ವರ್ಷದ ಬಿತ್ತನೆ ಏನಾದೀತೆಂದು ರೈತನಿಗೆ ಹೇಳಿಕೊಡಬೇಕೆ?

ಮಡುವಿನ ವಿಷಯದಲ್ಲಿ ಆಗತಕ್ಕ ಮೊದಲನೆಯ ಕೆಲಸವೆಂದರೆ ಅದನ್ನು ಕಡೆಯ ಕೊಡದವರೆಗೆ ಪಂಪಿನಿಂದ ಎತ್ತದಿರುವುದು. ಬಾಳೆ, ಅಡಕೆ ಸಸಿಗಳು ಬಾಡುತ್ತಿರುವಾಗ ಇದು ಹೇಳಿದಷ್ಟು ಸುಲಭವಲ್ಲವೆಂಬುದು ನಿಜ. ಆದರೆ ಒಂದು ಗ್ರಾಮದ ಎಲ್ಲೆಯಲ್ಲಿ ಎಲ್ಲಕ್ಕಿಂತ ಆಳವಾದ ಒಂದು ಮಡುವನ್ನಾದರೂ ಗುರುತಿಸಿ, ಅದರ ಬಂಡೆಯ ಮೇಲೆ ಒಂದು ಗೆರೆ ಕೊರೆಯಿಸಿ, ನೀರು ಆ ಗೆರೆಗಿಂತ ಕೆಳಗಿಳಿದ ಬಳಿಕ ಯಾರ ಪಂಪೂ ಅದಕ್ಕೆ ಇಳಿಯತಕ್ಕದ್ದಲ್ಲವೆಂದು ಗ್ರಾಮಸಭೆಯಲ್ಲಿ ಗೊತ್ತುಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಶೃಂಗೇರಿಯಲ್ಲಿ ತುಂಗೆಯ ಮಡುವಿನಲ್ಲಿಯೂ, ಶಿಶಿಲದಲ್ಲಿಯೂ, ರಾಮನಾಥಪುರದಲ್ಲಿ ಕಾವೇರಿಯಲ್ಲಿಯೂ ದೇವರ ಮೀನೆಂದು ಜನರು ತಲೆತಲಾಂತರದಿಂದ ಮೀನನ್ನು ಮುಟ್ಟದೆ ಕಾಪಾಡಿರುವರು. ಯಾವ ಕಾಯಿದೆಯೂ ಮಾಡಲಾರದ ಕೆಲಸವನ್ನು ಭಕ್ತಿಯು ಮಾಡಿತು. ಆದರೆ ಅಂಥ ಸ್ಥಳಗಳಲ್ಲಿಯೂ ನೀರು ಇಳಿದ ಬೇಸಗೆಯಲ್ಲಿ ಮಂಡಕ್ಕಿಯ ಚೀಲಗಳನ್ನು ಸುರಿಯುವುದು ಪುಣ್ಯದ ಕೆಲಸವಲ್ಲ; ಮೀನು ತಿನ್ನದೆ ಉಳಿದುದು ಕೊಳೆತು, ಇರುವ ಅಲ್ಪಸ್ವಲ್ಪ ಪ್ರಾಣವಾಯುವನ್ನೂ ತಿಂದುಹಾಕುವುದು.

ದಡದ ಮರಗಳ ವಿಷಯದಲ್ಲಿ ಮಾಲ್ಕಿದಾರರು ಸ್ವಲ್ಪ ಉದಾರರಾಗಬೇಕು. ಹೊಳೆಮತ್ತಿ, ಹೊಂಗೆ, ನೇರಳೆ, ಬಿದಿರು ಇವುಗಳ ನೆರಳು ಬಿದ್ದ ತೊರೆಗೂ ಬಟ್ಟಬಯಲಿನ ತೊರೆಗೂ ನೀರಿನ ಬಿಸಿಯಲ್ಲಿರುವ ಅಂತರವನ್ನು ಮಧ್ಯಾಹ್ನದಲ್ಲಿ ಕಾಲಿಟ್ಟು ನೋಡಿದವರು ಬಲ್ಲರು. ಗದ್ದೆಯ ಅಂಚನ್ನು ಎರಡು ಮಾರು ಅಗಲಿಸುವುದಕ್ಕಾಗಿ ಆ ಸಾಲನ್ನು ಕಡಿಸುವುದು, ಮುಂದಿನ ಮಳೆಗಾಲದಲ್ಲಿ ದಡ ಕುಸಿದು ನಾಲ್ಕು ಮಾರು ಗದ್ದೆ ಕಳೆದುಕೊಳ್ಳುವುದಕ್ಕೂ ದಾರಿ. ಜಗತ್ತಿನ ಶಾಖವನ್ನು ಒಂದು ಗ್ರಾಮವು ಇಳಿಸಲಾರದು. ಒಂದು ಮಡುವಿನ ಶಾಖವನ್ನು ಇಳಿಸಬಲ್ಲುದು.

ಕಾರೆಕಾಯಿ, ಕಾಗೆಮಾರಿ ಮುಂತಾದುವನ್ನು ಅರೆದು ಮಡುವಿಗೆ ಹಾಕಿ ಮೀನನ್ನು ಮಂಕಾಗಿಸಿ ಹಿಡಿಯುವ ಹಳೆಯ ಪದ್ಧತಿಯು ಹಳ್ಳ ಹರಿಯುತ್ತಿದ್ದ ಕಾಲಕ್ಕೆ ಹೇಗೋ ಸಾಗಿತು. ನಿಂತ ನೀರಿನ ಮಡುವಿನಲ್ಲಿ ಅದು ಮರಿಮೊಟ್ಟೆ ಸಹಿತ ಎಲ್ಲವನ್ನೂ ಅಳಿಸುವುದು. ಈಗ ಕಾಯಿಗಳ ಬದಲು ಬೆಳೆಗೆ ಹೊಡೆಯುವ ಕೀಟನಾಶಕವನ್ನೇ ಸುರಿಯುವವರಿದ್ದಾರೆಂಬುದು ಇನ್ನೂ ಘೋರ. ವಿಷ ಹಾಕಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ನಿಷೇಧಿಸಿತ್ತು. ಈ ವಿಷಯದಲ್ಲಿ ಹೊಸದಾಗಿ ವಾದಿಸತಕ್ಕದ್ದೇನೂ ಉಳಿದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದುದು ಬಿತ್ತನೆ ಮೀನಿನ ವಿಷಯದಲ್ಲಿ. ಇಲ್ಲಿ ಸರ್ಕಾರದವರನ್ನೂ ಬಿಟ್ಟು ಮಾತಾಡುವಂತಿಲ್ಲ. ಲಂಗರುಹುಳುವು ಲೋಕದ ನಾನಾ ದೇಶಗಳಿಗೆ ಹರಡಿದುದು ತಾನಾಗಿ ಈಜಿಕೊಂಡು ಹೋಗಿ ಅಲ್ಲ. ಸಾಕಣೆಯ ಗೆಂಡೆಮರಿಗಳ ಮೈಮೇಲೆ ಸವಾರಿ ಮಾಡಿಕೊಂಡು ಹೋಗಿ. ಒಂದು ಜಿಲ್ಲೆಯ ಕೊಳದಲ್ಲಿ ಬೆಳೆಸಿದ ಮರಿಗಳನ್ನು ಚೀಲದಲ್ಲಿ ತುಂಬಿ ಇನ್ನೊಂದು ಜಿಲ್ಲೆಯ ಜಲಾಶಯಕ್ಕೆ ಬಿಡುವಾಗ, ಎಷ್ಟು ಲಕ್ಷ ಮರಿ ಬಿಟ್ಟೆವು ಎಂಬ ಲೆಕ್ಕವನ್ನು ಬರೆಯುವರು. ಅವುಗಳ ಜತೆಗೆ ಏನೇನನ್ನು ಬಿಟ್ಟೆವು ಎಂಬುದನ್ನು ಬರೆಯುವವರು ವಿರಳ. ಮರಿಯ ಕಿವಿರು, ಚರ್ಮ, ರೆಕ್ಕೆಗಳನ್ನು ಕೆಲವನ್ನಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಉಪ್ಪುನೀರಿನಲ್ಲಿ ಅದ್ದಿ ತೆಗೆದು, ಕೆಲವು ದಿನ ಬೇರೆ ತೊಟ್ಟಿಯಲ್ಲಿಟ್ಟು, ಆಮೇಲೆ ನೀರಿಗೆ ಬಿಡುವ ಕ್ರಮವನ್ನು ಸಾಕಣೆಯ ಕೆರೆಗಳಿಗೇ ಅಲ್ಲದೆ ಹೊಳೆ ಸೇರುವ ಎಲ್ಲ ನೀರಿಗೂ ಕಡ್ಡಾಯ ಮಾಡತಕ್ಕದ್ದು. ಉಪ್ಪಿನ ಪ್ರಮಾಣವೂ ಅದ್ದುವ ಕಾಲವೂ ಮರಿಯ ಗಾತ್ರಕ್ಕೆ ತಕ್ಕಂತೆ ಬೇರೆಯಾಗುವುದರಿಂದ ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಮಾಡಬೇಕು. ಗ್ರಾಮ ಪಂಚಾಯಿತಿಯವರು ಮರಿಗಳನ್ನು ಬರಮಾಡಿಕೊಳ್ಳುವಾಗ ಹೂಮಾಲೆ, ಭಾವಚಿತ್ರಗಳ ಏರ್ಪಾಡಿಗೆ ಮೊದಲು ಈ ಪರೀಕ್ಷೆ ಆಗಿದೆಯೇ ಎಂದು ಒಂದು ಮಾತು ಕೇಳಿದರೆ ಅದು ಅವಿನಯವಾಗಲಾರದು.

ಹಳಿಯಾಳ, ಮುಂಡಗೋಡ ತಾಲೂಕುಗಳ ಕೆರೆ ಮೀನು ಸಾಕಣೆದಾರರಿಗೂ ಇದು ಅನ್ವಯಿಸುವುದು. ಹಳಿಯಾಳದ ಎಷ್ಟೋ ಕೆರೆಗಳ ಕೋಡಿನೀರು ತಟ್ಟಿಹಳ್ಳದ ಮೂಲಕ ಕಾಳಿಗೆ ಹೋಗುವುದು. ಮುಂಡಗೋಡದ ನೀರಿನಲ್ಲಿ ಒಂದು ಪಾಲು ಬೇಡ್ತಿಗೂ ಇನ್ನೊಂದು ಪಾಲು ಧರ್ಮಾ ನದಿಯಿಂದ ವರದೆಗೂ ಇಳಿಯುವುದು. ಕೆರೆಯಲ್ಲಿ ಹೇನು ಬಿದ್ದ ಮೀನು ಮಳೆಗಾಲದ ಕೋಡಿಯಲ್ಲಿ ಹಾರಿ ಹೊಳೆ ಸೇರದಂತೆ ಜಾಲರಿಯನ್ನು ಕಟ್ಟಬೇಕು. ಹೇನಿನ ಮೊಟ್ಟೆಗಳಿಗಾಗಿ ಕೆರೆಯಲ್ಲಿ ಬಿದಿರಿನ ತಟ್ಟಿಗಳನ್ನು ನೆಟ್ಟು, ಅವುಗಳ ಮೇಲೆ ಮೊಟ್ಟೆ ಅಂಟಿದ ಬಳಿಕ ಹೊರತೆಗೆದು ಬಿಸಿಲಿನಲ್ಲಿ ಒಣಗಿಸುವುದು ಖರ್ಚಿಲ್ಲದ ಉಪಾಯ. ಬೇಸಗೆಯಲ್ಲಿ ಕೆರೆಯ ತಳವನ್ನು ಒಣಗಿಸಿ ಸುಣ್ಣ ಹಾಕುವುದರಿಂದ ಅನೇಕ ಹುಳುಗಳೂ ಬಸವನಹುಳುಗಳೂ ನಾಶವಾಗುವುವು. ಹುಣ್ಣುರೋಗಕ್ಕೆ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ ಸಿಫ್ಯಾಕ್ಸ್ ಎಂಬ ಔಷಧವೂ ಇದೆ. ಆದರೆ ಇವೆಲ್ಲ ಒಡೆಯನುಳ್ಳ, ಎಲ್ಲೆಯುಳ್ಳ ನೀರಿಗೆ ಮಾತ್ರ. ಹರಿಯುವ ಹೊಳೆಗೆ ಔಷಧ ಹಾಕಿಸಿರೆಂದು ಅರ್ಜಿ ಕೊಡುವವರು, ಆ ಔಷಧವು ಕೆಳಗಿನ ಊರಿನ ಕುಡಿಯುವ ನೀರಿಗೂ ಸೇರುವುದೆಂಬುದನ್ನು ನೆನೆಯಬೇಕು.

ಚಪ್ಪಟೆಹುಳುಗಳನ್ನು ನೀರುಹಕ್ಕಿಗಳು ಹೊತ್ತು ತರುವುವೆಂದು ಕೇಳಿ ಹಕ್ಕಿಗಳ ಮೇಲೆ ಕಲ್ಲೆತ್ತುವುದೂ ತರವಲ್ಲ. ಮುಂಡಗೋಡದ ಅತ್ತಿವೇರಿಯ ಪಕ್ಷಿಧಾಮಕ್ಕೆ ಬರುವ ನೀರುಕಾಗೆ, ಬೆಳ್ಳಕ್ಕಿಗಳು ಹಿಂದಿನಿಂದಲೂ ಮೀನು ತಿನ್ನುತ್ತ, ಮೀನಿನೊಂದಿಗೇ ಇದ್ದುವು. ರೋಗದಿಂದ ನಿಧಾನವಾಗಿ ಈಜುವ ಮೀನನ್ನು ಅವು ಮೊದಲು ಹಿಡಿಯುವುದರಿಂದ ಗುಂಪಿಗೆ ಉಪಕಾರವೂ ಉಂಟು.

ಹುಣ್ಣು ಬಿದ್ದ ಮೀನಿನ ಸುದ್ದಿ ಹಬ್ಬಿದೊಡನೆ ಜನರು ಮೀನನ್ನೇ ಬಿಟ್ಟು, ಮೀನು ಮಾರುವ ಬಡವರು ಉಪವಾಸ ಬೀಳುವುದು ಬೇರೆ ಸೀಮೆಗಳಲ್ಲಿ ನಡೆದಿದೆ. ಹುಣ್ಣುರೋಗದ ನೀರಬೂಷ್ಟು ಮನುಷ್ಯರಿಗೆ ಹತ್ತುವುದಿಲ್ಲ. ಹುಣ್ಣಾದ, ಸತ್ತು ಸಿಕ್ಕಿದ ಮೀನನ್ನು ತಿನ್ನಬಾರದು. ಜೀವಂತವಾಗಿ ಹಿಡಿದ, ಮೈ ಶುದ್ಧವಾದ ಮೀನನ್ನು ಚೆನ್ನಾಗಿ ಬೇಯಿಸಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಅರೆಬೆಂದದ್ದು, ಕೆಂಡದ ಮೇಲೆ ಬರಿದೆ ತೋರಿಸಿದ್ದು ಬೇಡ. ಸತ್ತ ಮೀನನ್ನು ನೀರಿನಲ್ಲಿಯೇ ಬಿಡದೆ, ದಡದಿಂದ ದೂರ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿಸಬೇಕು. ಒಂದು ಹಳ್ಳದಲ್ಲಿ ಆಡಿದ ಬಲೆಯನ್ನು ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಿದ ಹೊರತು ಇನ್ನೊಂದು ಹಳ್ಳಕ್ಕೆ ಇಳಿಸಬಾರದು.

ಕಡೆಯದಾಗಿ ವರದಿಯ ವಿಷಯ. ಮಳೆಯ ಲೆಕ್ಕವಿಡುವ ಊರುಗಳುಂಟು. ಹಳ್ಳದ ನೀರಿನ ಲೆಕ್ಕವಿಡುವ ಊರು ಅಪರೂಪ. ಒಂದು ಉಷ್ಣಮಾಪಕ, ಒಂದು ಪುಸ್ತಕ, ಶಾಲೆಯ ಒಬ್ಬ ಉತ್ಸಾಹಿ ಮಾಸ್ತರರು ಇಷ್ಟಿದ್ದರೆ ಸಾಕು. ವಾರಕ್ಕೊಮ್ಮೆ ಒಂದೇ ಮಡುವಿನಲ್ಲಿ ಬೆಳಗ್ಗೆ ಮತ್ತು ಮಧ್ಯಾಹ್ನ ನೀರಿನ ಶಾಖ, ನೀರಿನ ಆಳ, ಹಿಡಿದ ಮೀನಿನಲ್ಲಿ ಕಲೆ, ಹುಣ್ಣು, ಹೇನು ಇದ್ದುದರ ಎಣಿಕೆ ಇವನ್ನು ಬರೆಯುತ್ತ ಬಂದರೆ ಐದು ವರ್ಷಗಳಲ್ಲಿ ಆ ಪುಸ್ತಕವು ಯಾವ ಪಂಡಿತರ ಊಹೆಗಿಂತಲೂ ಬೆಲೆಯುಳ್ಳದ್ದಾಗುವುದು. ಮೀನು ಗುಂಪಾಗಿ ಸಾಯುವುದು ಕಂಡರೆ ಅದೇ ದಿನ ತಾಲೂಕಿನ ಮೀನುಗಾರಿಕೆ ಅಧಿಕಾರಿಗಳಿಗೆ ತಿಳಿಸಬೇಕು. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ 2013ರಿಂದ ಜಲಚರಗಳ ರೋಗಗಳ ನಿಗಾ ಯೋಜನೆಯು ದೇಶದಲ್ಲಿ ನಡೆದಿದೆ. ಮೊಬೈಲ್ ಫೋನಿನ ಮೂಲಕವೇ ಮೀನಿನ ರೋಗವನ್ನು ವರದಿ ಮಾಡುವ ಏರ್ಪಾಡೂ 2023ರಲ್ಲಿ ಆಯಿತು. ಪರೀಕ್ಷೆಗೆ ಕೊಡುವ ಮೀನು ಸಾಯುವ ಸ್ಥಿತಿಯಲ್ಲಿರುವುದಾಗಲಿ, ಆಗತಾನೆ ಸತ್ತುದಾಗಲಿ ಆಗಿರಬೇಕು. ಅದನ್ನು ಮಂಜುಗಡ್ಡೆಯಲ್ಲಿಟ್ಟು, ಹಿಡಿದ ಸ್ಥಳ, ಹೊತ್ತು, ನೀರಿನ ಶಾಖ ಇವನ್ನು ಚೀಟಿಯಲ್ಲಿ ಬರೆದು ಕಳುಹಿಸತಕ್ಕದ್ದು. ಕೊಳೆತು ನಾರುವ ಮೀನಿನಲ್ಲಿ ಯಾವ ಪರೀಕ್ಷಕರೂ ರೋಗವನ್ನು ಕಾಣಲಾರರು. ಮಡುವಿನ ಗೆರೆಯ ಮಾತನ್ನು ಗೊತ್ತುಮಾಡುವ ಗ್ರಾಮಸಭೆಯಾದರೋ ಉಳವಿಯ ಜಾತ್ರೆಯ ಸುಮಾರಿಗೇ ಕೂಡಬೇಕು. ಸಸಿಗಳು ಬಾಡಲು ತೊಡಗಿದ ಮೇಲೆ ಕರೆದ ಸಭೆಯಲ್ಲಿ ಪಂಪು ನಿಲ್ಲಿಸಲು ಒಪ್ಪುವವರು ಸಿಗುವುದಿಲ್ಲ.